ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಊರ ಹೆಸರಿನ ಇಂಗ್ಲಿಷ್ ಅಕ್ಷರಗಳ ಲೆಕ್ಕ

ವಿಜಯಪುರ: ಜಿಲ್ಲಾ ಕೇಂದ್ರವನ್ನು ಹೊರತುಪಡಿಸಿದರೆ ವಿಜಯಪುರ ಜಿಲ್ಲೆಯ ಹಳೆಯ ತಾಲ್ಲೂಕುಗಳು ನಾಲ್ಕು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಈ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದರೆ ಎರಡು ಅಕ್ಷರಗಳು ನಾಲ್ಕರಲ್ಲೂ ಕಂಡುಬರುತ್ತವೆ: 'ಡಿ' ಮತ್ತು 'ಐ'. ಉಳಿದ ಅಕ್ಷರಗಳು ಯಾವುವು, ಎಷ್ಟು ಎಂಬ ಬಗ್ಗೆ ಮಾತ್ರ ಸರ್ಕಾರಿ ದಾಖಲೆಗಳಲ್ಲೇ ಏಕರೂಪತೆ ಇಲ್ಲ. ಸಿಂದಗಿಗೆ ಒಂದೆಡೆ ಆರು ಅಕ್ಷರ, ಇನ್ನೊಂದೆಡೆ ಏಳು. ಬಾಗೇವಾಡಿಗೆ ಒಂದೆಡೆ 'ವಿ', ಇನ್ನೊಂದೆಡೆ 'ಡಬ್ಲ್ಯು'.

ಇಷ್ಟು ಅಕ್ಷರಗಳಿರುವ, ಇಂತಿಂಥ ಅಕ್ಷರಗಳನ್ನು ಒಳಗೊಂಡಿರುವ ಇಂಗ್ಲಿಷ್ ಪದ ಯಾವುದು ಎಂಬ ಪ್ರಶ್ನೆ ಒಂದು ಕಾಲಕ್ಕೆ ಪತ್ರಿಕೆಗಳ ಪದಬಂಧಕ್ಕೆ ಸೀಮಿತವಾಗಿತ್ತು. ಇಂದು ಕಂಪ್ಯೂಟರ್ ಪ್ರತಿಯೊಬ್ಬರ ಹೆಸರು, ಊರಿನ ಬಗ್ಗೆ ಇದೇ ಪ್ರಶ್ನೆಯನ್ನು ಕೇಳುತ್ತದೆ. ಅಕ್ಷರಗಳ ಸಂಖ್ಯೆ ಹಾಗೂ ಅನುಕ್ರಮ ಹೊಂದಿದರೆ ಮಾತ್ರ ಇಬ್ಬರೂ ಒಬ್ಬರೇ ಎಂದು ಒಪ್ಪುತ್ತದೆ. ಆದ್ದರಿಂದ ಈ ನಾಲ್ಕು ಹೆಸರುಗಳ ಅಕ್ಷರ ಲೆಕ್ಕವನ್ನು, ಅವುಗಳಲ್ಲಿ ಅಡಗಿರುವ ಇಂಗ್ಲಿಷ್ ಪದಗಳ ಸಮೇತ, ಇಲ್ಲಿ ನೀಡಲಾಗಿದೆ.

ಎಣಿಕೆಯ ಕ್ರಮವೇ ಬೇರೆ

ಕನ್ನಡದ ಅಕ್ಷರಕ್ಕೂ ಇಂಗ್ಲಿಷ್ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಕನ್ನಡ ವರ್ಣಮಾಲೆಯಲ್ಲಿ 49 ವರ್ಣಗಳಿವೆ. ವ್ಯಂಜನಕ್ಕೆ ಸ್ವರ ಸೇರಿ ಒಂದು ಅಕ್ಷರವಾಗುತ್ತದೆ. ಒತ್ತಕ್ಷರವಿದ್ದರೂ ಅದು ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರಗಳು. ಅಲ್ಲಿ ವ್ಯಂಜನ ಒಂದು ಮನೆ, ಸ್ವರ ಇನ್ನೊಂದು ಮನೆ.

ಕನ್ನಡ ಪದಬಂಧದಲ್ಲಿ 'ಇಂಡಿ' ಎರಡು ಚೌಕಗಳಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕು ಚೌಕ ಬೇಕು: 'ಐ', 'ಎನ್', 'ಡಿ', 'ಐ'. ಸಿಂದಗಿ ಮೂರು ಚೌಕದ ಹೆಸರು, ಇಂಗ್ಲಿಷಿನಲ್ಲಿ ಏಳು. ಮುದ್ದೇಬಿಹಾಳ ಐದು, ಇಂಗ್ಲಿಷಿನಲ್ಲಿ ಹತ್ತು. ಬಸವನ ಬಾಗೇವಾಡಿ ನಾಲ್ಕು ಮತ್ತು ನಾಲ್ಕು, ಒಟ್ಟು ಎಂಟು; ಇಂಗ್ಲಿಷಿನಲ್ಲಿ ಎಂಟು ಮತ್ತು ಎಂಟು, ಒಟ್ಟು 16. ಇವು ಪೂರ್ಣ ರೂಪದ ಲೆಕ್ಕಗಳು. ಸಮಸ್ಯೆ ಉದ್ಭವಿಸುವುದು ಈ ಪೂರ್ಣ ರೂಪದಿಂದ ಯಾರೋ ಒಂದು ಅಕ್ಷರವನ್ನು ತೆಗೆದಾಗ ಅಥವಾ ಬದಲಿಸಿದಾಗ.

ಒಂದು 'ಡಿ', ಎರಡು ಧ್ವನಿ

ನಾಲ್ಕೂ ಹೆಸರುಗಳಿಗೆ ಸಮಾನವಾದ 'ಡಿ' ಅಕ್ಷರವೇ ಮೊದಲ ತೊಡಕು. ಕನ್ನಡದ 'ಡ'ಕಾರ ಮತ್ತು 'ದ'ಕಾರ ಎರಡಕ್ಕೂ ಇಂಗ್ಲಿಷಿನಲ್ಲಿ ಇರುವುದು ಇದೊಂದೇ. ಇಂಡಿ ಹಾಗೂ ಬಾಗೇವಾಡಿಯಲ್ಲಿ ಅದು 'ಡ'ಕಾರವನ್ನು ಸೂಚಿಸಿದರೆ, ಸಿಂದಗಿ ಹಾಗೂ ಮುದ್ದೇಬಿಹಾಳದಲ್ಲಿ 'ದ'ಕಾರವನ್ನು ಸೂಚಿಸುತ್ತದೆ. ಇಂಗ್ಲಿಷ್ ಫಲಕವನ್ನಷ್ಟೇ ಓದಿದ ಹೊರಗಿನವರು ಸಿಂದಗಿಯನ್ನು 'ಸಿಂಡಗಿ' ಎಂದು ಉಚ್ಚರಿಸಿದರೆ ತಪ್ಪು ಅವರದಲ್ಲ. ಆ ಆರೇಳು ಅಕ್ಷರಗಳಲ್ಲಿ ಸರಿಯಾದ ಉಚ್ಚಾರಣೆಯ ಸುಳಿವೇ ಇಲ್ಲ.

ಈ ಕೊರತೆಯನ್ನು ನೀಗಿಸುವ ಪದ್ಧತಿ ಇಲ್ಲವೆಂದಲ್ಲ. ಬ್ರಿಟಿಷ್ ಆಡಳಿತ ಕಾಲದಲ್ಲಿ ವಿಲಿಯಂ ವಿಲ್ಸನ್ ಹಂಟರ್ ಅವರ ಹೆಸರಿನಲ್ಲಿ ರೂಢಿಗೆ ಬಂದ ಹಂಟೇರಿಯನ್ ಲಿಪ್ಯಂತರ ಪದ್ಧತಿ ಭಾರತದಲ್ಲಿ ಇಂದಿಗೂ ಅಧಿಕೃತ ಆಧಾರವಾಗಿದೆ. ಹಂಟರ್ ಸಂಪಾದಿಸಿದ 'ಇಂಪೀರಿಯಲ್ ಗೆಜೆಟಿಯರ್'ನ ಮೊದಲ ಆವೃತ್ತಿ 1881ರಲ್ಲಿ ಪ್ರಕಟವಾಯಿತು. ವಿದ್ವತ್ ಗ್ರಂಥಗಳಲ್ಲಿ ದೀರ್ಘ ಸ್ವರದ ಮೇಲೆ ಗೆರೆ, 'ಡ', 'ಳ', 'ಣ'ಗಳ ಕೆಳಗೆ ಚುಕ್ಕೆ ಇಡುವ ಕ್ರಮವೂ ಇದೆ. ಆದರೆ ರಸ್ತೆಯ ಫಲಕ, ಅರ್ಜಿ ನಮೂನೆ, ಟೈಪ್‌ರೈಟರ್, ಕೀಲಿಮಣೆಗಳಲ್ಲಿ ಗೆರೆಗೂ ಚುಕ್ಕೆಗೂ ಜಾಗ ಸಿಗಲಿಲ್ಲ. ಉಳಿದದ್ದು ಬರಿಯ 26 ಅಕ್ಷರ.

ಇಂಡಿ: ನಾಲ್ಕು ಅಕ್ಷರ, ವಿವಾದವಿಲ್ಲ

ನಾಲ್ಕರ ಪೈಕಿ ಕಾಗುಣಿತದ ಗೊಂದಲ ಇಲ್ಲದ ಹೆಸರು ಇಂಡಿ. ಅಷ್ಟೇ ಅಲ್ಲ, ಇಡೀ ಹೆಸರು ಹಾಗೆಯೇ ಅಡಗಿರುವ ಇಂಗ್ಲಿಷ್ ಪದಗಳು ಹಲವಾರು ಇವೆ. ಐದು ಅಕ್ಷರದ ಪದಗಳಲ್ಲಿ ಇಂಡಿಯಾ, ಇಂಡೀ, ಹಿಂದಿ, ಬಿಂದಿ ಪ್ರಮುಖವಾದವು. ಮೊದಲೆರಡರಲ್ಲಿ ಊರಿನ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿದರೆ, ನಂತರದ ಎರಡರಲ್ಲಿ ಆರಂಭಕ್ಕೆ ಒಂದು ಅಕ್ಷರ ಸೇರಿದೆ. 'ಇಂಡೀ' ಎಂಬುದು ಸ್ವತಂತ್ರ ಎಂಬ ಅರ್ಥದ 'ಇಂಡಿಪೆಂಡೆಂಟ್' ಪದದ ಸಂಕ್ಷಿಪ್ತ ರೂಪ. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ತಯಾರಾಗುವ ಸಂಗೀತ, ಚಲನಚಿತ್ರಗಳಿಗೆ ಬಳಕೆಯಾಗುತ್ತದೆ. 'ಬಿಂದಿ' ಹಣೆಯ ಬೊಟ್ಟು. ಭಾರತದಿಂದ ಇಂಗ್ಲಿಷ್ ನಿಘಂಟಿಗೆ ಹೋದ ಪದ. ಸ್ಕ್ರ್ಯಾಬಲ್ ಆಟದಲ್ಲಿ ಅಂಕಿತನಾಮಗಳಿಗೆ ಅವಕಾಶವಿಲ್ಲದ ಕಾರಣ ಅಲ್ಲಿ ಇಂಡಿಯಾ, ಹಿಂದಿ ನಡೆಯುವುದಿಲ್ಲ. ಉಳಿದ ಎರಡು ನಡೆಯುತ್ತವೆ.

ಐದು ಅಕ್ಷರದ ಪದಗಳ ಬಗ್ಗೆ ಯುವಜನರಲ್ಲಿ ಆಸಕ್ತಿ ಹೆಚ್ಚಲು ಕಾರಣವಾದ 'ವರ್ಡಲ್' ಆಟವನ್ನು ಜೋಶ್ ವಾರ್ಡಲ್ ಎಂಬ ತಂತ್ರಜ್ಞ ರೂಪಿಸಿ 2021ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟರು. 2022ರ ಜನವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅದನ್ನು ಖರೀದಿಸಿತು.

ಆರು ಅಕ್ಷರಕ್ಕೆ ಬಂದರೆ ಇಂಡಿಯನ್, ಇಂಡಿಗೊ, ಇಂಡಿಯಂ ಎಂಬ ಪದಗಳು ದೊರೆಯುತ್ತವೆ. ಮೂರಕ್ಕೂ ಮೂಲ ಒಂದೇ. ಸಿಂಧು ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ 'ಹಿಂದು' ಆಗಿ, ಗ್ರೀಕರ ಬಾಯಲ್ಲಿ 'ಇಂಡೋಸ್' ಆಯಿತು. ನೀಲಿ ಬಣ್ಣವನ್ನು ಅವರು ಭಾರತದ್ದು ಎಂಬ ಅರ್ಥದಲ್ಲಿ 'ಇಂಡಿಕೋನ್' ಎಂದರು. ಅದೇ ಮುಂದೆ 'ಇಂಡಿಗೊ'. 1863ರಲ್ಲಿ ಜರ್ಮನಿಯ ಫರ್ಡಿನಾಂಡ್ ರೈಖ್ ಹಾಗೂ ಥಿಯೋಡರ್ ರಿಕ್ಟರ್ ಹೊಸ ಲೋಹವೊಂದನ್ನು ಪತ್ತೆ ಹಚ್ಚಿದಾಗ ಅದರ ವರ್ಣಪಟಲದಲ್ಲಿ ಕಡುನೀಲಿ ಗೆರೆ ಕಂಡದ್ದರಿಂದ 'ಇಂಡಿಯಂ' ಎಂದು ಹೆಸರಿಟ್ಟರು. ಅದರ ಪರಮಾಣು ಸಂಖ್ಯೆ 49. ಇಂದಿನ ಮೊಬೈಲ್ ಪರದೆಗಳಲ್ಲಿ ಇದರ ಸಂಯುಕ್ತವೊಂದು ಬಳಕೆಯಾಗುತ್ತದೆ.

ಆದರೆ ಅಕ್ಷರ ಸಾಮ್ಯವನ್ನೇ ನೆಚ್ಚಿಕೊಂಡರೆ ಮೋಸ ಹೋಗುವುದೂ ಇಲ್ಲಿಯೇ. ಎಂಟು ಅಕ್ಷರದ 'ಇಂಡಿಕೇಟ್' (ಸೂಚಿಸು), 'ಇಂಡಿರೆಕ್ಟ್' (ಪರೋಕ್ಷ), ಹತ್ತು ಅಕ್ಷರದ 'ಇಂಡಿವಿಜುವಲ್' (ವ್ಯಕ್ತಿ), ಹನ್ನೊಂದು ಅಕ್ಷರದ 'ಇಂಡಿಫರೆಂಟ್' (ನಿರ್ಲಕ್ಷ್ಯದ) ಇವೆಲ್ಲ ಇದೇ ನಾಲ್ಕು ಅಕ್ಷರಗಳಿಂದ ಆರಂಭವಾದರೂ ಭಾರತಕ್ಕೆ ಸಂಬಂಧಿಸಿದವಲ್ಲ. ಅವುಗಳ ಆರಂಭದ 'ಇನ್' ಲ್ಯಾಟಿನ್ ಉಪಸರ್ಗ. ದೇಶೀಯ ಎಂಬ ಅರ್ಥದ ಹತ್ತು ಅಕ್ಷರದ 'ಇಂಡಿಜಿನಸ್' ಕೂಡ ಒಳಗೆ ಹುಟ್ಟಿದ ಎಂಬ ಲ್ಯಾಟಿನ್ ಪದದಿಂದ ಬಂದದ್ದೇ ಹೊರತು ಇಂಡಿಯಾದಿಂದ ಬಂದದ್ದಲ್ಲ. ಇಂಡಿ ಪಟ್ಟಣಕ್ಕೂ ಈ ಎರಡೂ ಗುಂಪಿನ ಪದಗಳಿಗೂ ಇರುವುದು ಅಕ್ಷರಗಳ ಹೋಲಿಕೆ ಮಾತ್ರ.

ಇಂಡಿಯ ಪ್ರಸಿದ್ಧಿ ಇರುವುದು ಲಿಂಬೆಯಲ್ಲಿ. 'ಇಂಡಿ ಲಿಂಬೆ'ಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದ್ದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದದ್ದೂ ಇಂಡಿಯಲ್ಲೇ. ಇಲ್ಲಿಯೂ ಅಕ್ಷರಗಳ ಸಂಖ್ಯೆ ಮುಖ್ಯವಾಗುತ್ತದೆ. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರದ 'ಲೈಮ್' ಬೇರೆ, ಐದು ಅಕ್ಷರದ 'ಲೆಮನ್' ಬೇರೆ. ಇಂಡಿಯಲ್ಲಿ ಬೆಳೆಯುವುದು ತೆಳು ಸಿಪ್ಪೆಯ, ಚಿಕ್ಕ ಗಾತ್ರದ, ಹುಳಿ ಹೆಚ್ಚಿರುವ ಕಾಗ್ಜಿ ಲಿಂಬೆ. ಸಸ್ಯಶಾಸ್ತ್ರದ ಪ್ರಕಾರ ಅದು 'ಲೈಮ್'. ಇಂಗ್ಲಿಷ್ ವರದಿಗಳಲ್ಲಿ ಅದನ್ನು 'ಲೆಮನ್' ಎಂದು ಬರೆಯುವುದು ವಾಡಿಕೆಯಾಗಿದೆ. ಕನ್ನಡದಲ್ಲಿ ಎರಡಕ್ಕೂ ಲಿಂಬೆ ಎಂದೇ ಹೇಳುವುದರಿಂದ ಊರಿನವರಿಗೆ ಇದರಿಂದ ತೊಂದರೆಯಿಲ್ಲ.

ಸಿಂದಗಿ: ಆರೋ, ಏಳೋ?

ಏಳು ಅಕ್ಷರಗಳ ಸಿಂದಗಿಯ ನಡುವಿನ 'ಎ' ತೆಗೆದರೆ ಆರು ಉಳಿಯುತ್ತವೆ. 2011ರ ಜನಗಣತಿಯಲ್ಲಿ ಹಾಗೂ ಚುನಾವಣಾ ಆಯೋಗದ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಇರುವುದು ಈ ಆರು ಅಕ್ಷರದ ರೂಪ. ಪತ್ರಿಕೆಗಳು, ಸ್ಥಳೀಯ ಸಂಘ ಸಂಸ್ಥೆಗಳು ಹೆಚ್ಚಾಗಿ ಏಳು ಅಕ್ಷರ ಬರೆಯುತ್ತವೆ. 2021ರ ಅಕ್ಟೋಬರ್ 30ರಂದು ಸಿಂದಗಿ ಹಾಗೂ ಹಾನಗಲ್ ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಓದುಗರಿಗೆ ಈ ಗೊಂದಲ ಜೋಡಿಯಾಗಿ ಎದುರಾಯಿತು. ಹಾನಗಲ್ ಹೆಸರಿನಲ್ಲೂ ಅದೇ ಸಮಸ್ಯೆ: ನಡುವಿನ 'ಎ' ಇದ್ದರೆ ಏಳು ಅಕ್ಷರ, ಇಲ್ಲದಿದ್ದರೆ ಆರು.

ಈ 'ಎ' ಎಲ್ಲಿ ಕಳೆದುಹೋಯಿತು ಎಂಬುದನ್ನು ತಿಳಿಯಲು ಇತಿಹಾಸದತ್ತ ನೋಡಬೇಕು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರುವವರೆಗೆ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿ ಪ್ರಬಲವಾಗಿದ್ದ ಮರಾಠಿಯಲ್ಲಿ ಪದದ ನಡುವಿನ ಹಾಗೂ ಕೊನೆಯ ಅಕಾರ ಉಚ್ಚಾರಣೆಯಲ್ಲಿ ಲೋಪವಾಗುವುದು ಸಹಜ. ಜಿಲ್ಲೆಯ ಆಡುಗನ್ನಡದಲ್ಲೂ ನಡುವಿನ ಅಕಾರ ತೇಲಿಹೋಗುವುದುಂಟು. ಕಿವಿಗೆ ಬಿದ್ದದ್ದನ್ನು ಗುಮಾಸ್ತರು ಬರೆದರು, ಬರೆದದ್ದು ದಾಖಲೆಯಾಯಿತು. ಜಿಲ್ಲಾ ಕೇಂದ್ರ 1885ರ ಸುಮಾರಿಗೆ ವಿಜಾಪುರಕ್ಕೆ ಬರುವ ಮೊದಲು ಜಿಲ್ಲೆಗೆ ಇದ್ದ 'ಕಲಾದಗಿ' ಎಂಬ ಹೆಸರೂ ಇಂಗ್ಲಿಷಿನಲ್ಲಿ ನಡುವಿನ 'ಎ' ಕಳೆದುಕೊಂಡು 'ಕಲಾದ್ಗಿ' ಆಗಿತ್ತು. ಚಡಚಣ, ದೇವರಹಿಪ್ಪರಗಿ, ಆಲಮಟ್ಟಿ, ಹುನಗುಂದಗಳೂ ಇದೇ ಸಾಲಿಗೆ ಸೇರುತ್ತವೆ.

ಸಿಂದಗಿಯ ಏಳು ಅಕ್ಷರಗಳನ್ನು ಕಲಸಿ ಜೋಡಿಸಿದರೆ ದೊರೆಯುವ ಇಂಗ್ಲಿಷ್ ಪದಗಳೂ ಕುತೂಹಲಕರವಾಗಿವೆ. ನಾಲ್ಕು ಅಕ್ಷರಕ್ಕೆ 'ಸೈನ್' (ಸಹಿ), 'ಸ್ಯಾಂಡ್' (ಮರಳು), 'ಗೇನ್' (ಲಾಭ). ಆರು ಅಕ್ಷರಕ್ಕೆ 'ಏಡಿಂಗ್' (ನೆರವಾಗುವುದು) ಮತ್ತು 'ಸೈಡಿಂಗ್'. ಸೈಡಿಂಗ್ ಎಂದರೆ ರೈಲು ನಿಲ್ದಾಣದಲ್ಲಿ ಮುಖ್ಯ ಹಳಿಯ ಪಕ್ಕದಲ್ಲಿ ಹಾಯ್ದುಹೋಗುವ ಹಳಿ. ಹೆಸರಿನೊಳಗೆ ಸೈಡಿಂಗ್ ಇದ್ದರೂ ಸಿಂದಗಿ ರೈಲು ಮಾರ್ಗವಿಲ್ಲದ ಪಟ್ಟಣ.

ಮುದ್ದೇಬಿಹಾಳ: ಹತ್ತು ಅಕ್ಷರ, ಜೋಡಿ 'ಡಿ'

ಮುದ್ದೇಬಿಹಾಳದ ಹತ್ತು ಅಕ್ಷರಗಳಲ್ಲಿ 'ಡಿ' ಎರಡು ಬಾರಿ ಬರುತ್ತದೆ. 'ದ್ದ' ಎಂಬ ಒತ್ತಕ್ಷರವನ್ನು ಸೂಚಿಸಲು ಇದು ಅಗತ್ಯ. ಒಂದನ್ನು ಬಿಟ್ಟರೆ ಒಂಬತ್ತು ಅಕ್ಷರದ 'ಮುದೇಬಿಹಾಳ' ಆಗುತ್ತದೆ. ಕೊನೆಯ 'ಳ'ಕಾರಕ್ಕೆ ಇಂಗ್ಲಿಷಿನಲ್ಲಿ 'ಎಲ್' ಒಂದೇ ಗತಿ. ಅದರ ಮುಂದಿನ ಅಕಾರವನ್ನು ಬರೆಯುವ ರೂಢಿಯೇ ಇಲ್ಲ.

ಈ ಹೆಸರಿನಿಂದ ದೊರೆಯುವ ಆರು ಅಕ್ಷರದ ಪದಗಳು ಶಾಲಾ ಮಕ್ಕಳಿಗೆ ಉತ್ತಮ ಅಭ್ಯಾಸ. ಆರು ಅಕ್ಷರ ಇರಬೇಕು, ನಡುವೆ ಜೋಡಿ 'ಡಿ' ಬರಬೇಕು, ಕೊನೆಗೆ 'ಎಲ್', 'ಇ' ಇರಬೇಕು ಎಂಬ ನಿಯಮ ಹಾಕಿಕೊಂಡರೆ ಮೂರು ಪದಗಳು ಸಿಗುತ್ತವೆ: 'ಮಿಡ್ಲ್' (ನಡುವಿನ), 'ಹಡ್ಲ್' (ಗುಂಪಾಗಿ ಒತ್ತಿಕೊಳ್ಳುವುದು) ಮತ್ತು 'ಮಡ್ಲ್' (ಗೊಂದಲ). ಏಳು ಅಕ್ಷರಕ್ಕೆ ಹೋದರೆ 'ಆಡಿಬಲ್' (ಕೇಳಿಸುವಂಥ) ಎಂಬ ಪದವೂ ಇದೇ ಹತ್ತು ಅಕ್ಷರಗಳಿಂದ ಹೊರಡುತ್ತದೆ.

ನಿಜವಾದ ಗೊಂದಲ ಇರುವುದು ನೆರೆಯ ತಾಳಿಕೋಟೆಯ ವಿಷಯದಲ್ಲಿ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ಈ ಪಟ್ಟಣ 2018ರಿಂದ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ. 1565ರ ಜನವರಿಯ ಯುದ್ಧದಿಂದ ಇತಿಹಾಸ ಪುಸ್ತಕಗಳಲ್ಲಿ ಪ್ರಸಿದ್ಧವಾದ ಈ ಹೆಸರಿಗೆ ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಪಠ್ಯಪುಸ್ತಕಗಳಲ್ಲಿ ಕೊನೆಯ ಅಕ್ಷರ 'ಎ', ಸ್ಥಳೀಯ ಬಳಕೆಯಲ್ಲಿ 'ಐ'. 'ಮನೆ'ಯನ್ನು 'ಮನಿ' ಎನ್ನುವ ಈ ಭಾಗದ ನುಡಿಯಲ್ಲಿ ಕೋಟೆಯೂ ಕೋಟಿಯಾಗುವುದು ಸಹಜವೇ ಆಗಿದೆ. ಅದೇ ಯುದ್ಧಕ್ಕೆ ಇರುವ 'ರಕ್ಕಸತಂಗಡಿ' ಎಂಬ ಇನ್ನೊಂದು ಹೆಸರು ಕೃಷ್ಣಾ ತೀರದ ರಕ್ಕಸಗಿ ಹಾಗೂ ತಂಗಡಗಿ ಎಂಬ ಎರಡು ಊರುಗಳ ಹೆಸರು ಕೂಡಿ, ಸವೆದು ಆದದ್ದು. ಬರಹದಿಂದ ಬರಹಕ್ಕೆ ಹೋಗುವಾಗ ಎರಡು ಊರುಗಳು ಸೇರಿ ಒಂದಾಗುವುದೂ ಉಂಟು ಎಂಬುದಕ್ಕೆ ಇದು ನಿದರ್ಶನ.

ಬಸವನ ಬಾಗೇವಾಡಿ: 'ವಿ'ಯೋ, 'ಡಬ್ಲ್ಯು'ವೋ?

ಹನ್ನೆರಡನೆಯ ಶತಮಾನದ ಬಸವಣ್ಣನವರ ಹೆಸರನ್ನು ಹೊತ್ತ ಈ ಪಟ್ಟಣಕ್ಕೆ ಆ ಪೂರ್ವಪದ ಕೇವಲ ಗೌರವಸೂಚಕವಲ್ಲ, ಗುರುತು ಕೂಡ. ಬೆಳಗಾವಿ ಜಿಲ್ಲೆಯಲ್ಲಿ ಹಿರೇಬಾಗೇವಾಡಿ ಇರುವುದರಿಂದ ಬರಿಯ 'ಬಾಗೇವಾಡಿ' ಎಂದರೆ ಯಾವುದೆಂದು ತಿಳಿಯದು.

ಪೂರ್ಣವಾಗಿ ಬರೆದರೆ ಪೂರ್ವಪದಕ್ಕೆ ಎಂಟು, ಉತ್ತರಪದಕ್ಕೆ ಎಂಟು ಅಕ್ಷರ. ಪೂರ್ವಪದದ ಕೊನೆಯ 'ಎ' ಬಿಟ್ಟು 'ಬಸವನ್' ಎಂದು ಏಳಕ್ಕೆ ಇಳಿಸುವವರಿದ್ದಾರೆ. 'ಬಿ' ಎಂಬ ಒಂದೇ ಅಕ್ಷರಕ್ಕೆ ಇಳಿಸಿ ಚುಕ್ಕೆ ಇಡುವವರೂ ಇದ್ದಾರೆ. ಉತ್ತರಪದದಲ್ಲಿ ಅಕ್ಷರಗಳ ಸಂಖ್ಯೆ ಎಂಟೇ ಆದರೂ ಐದನೆಯ ಅಕ್ಷರ ಬದಲಾಗುತ್ತದೆ. ಜನಗಣತಿ ಹಾಗೂ ಚುನಾವಣಾ ಪಟ್ಟಿಗಳಲ್ಲಿ ಅದು 'ವಿ'. ಅಂಚೆ ವಿಳಾಸ ಹಾಗೂ ಸಾಮಾನ್ಯ ಬಳಕೆಯಲ್ಲಿ 'ಡಬ್ಲ್ಯು'. ಕನ್ನಡದ 'ವ'ಕಾರ ಒಂದೇ. ಅದನ್ನು 'ಡಬ್ಲ್ಯು' ಎಂದು ಬರೆಯುವುದು ಮುಂಬಯಿ ಪ್ರಾಂತ್ಯದಲ್ಲಿ ಬಲವಾಗಿದ್ದ ರೂಢಿ.

'ಬಾಗೇವಾಡಿ'ಯ ಕೊನೆಯ ನಾಲ್ಕು ಅಕ್ಷರಗಳು ('ಡಬ್ಲ್ಯು' ಬಳಸಿದಾಗ) ಇಂಗ್ಲಿಷ್ ನಿಘಂಟಿನಲ್ಲೂ ಇವೆ. ಅರಬ್ಬಿ ಮೂಲದ ಆ ಪದಕ್ಕೆ ಮಳೆಗಾಲದಲ್ಲಷ್ಟೇ ನೀರು ಹರಿಯುವ ಒಣ ಹಳ್ಳ ಎಂದರ್ಥ. ನಮ್ಮ ವಾಡಿಗೂ ಅದಕ್ಕೂ ಸಂಬಂಧವಿಲ್ಲ. ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನ ರೈಲ್ವೆ ಸಂಕೇತಾಕ್ಷರಗಳೂ ಇವೇ ನಾಲ್ಕು. ಹೆಸರು ಚಿಕ್ಕದಾದ್ದರಿಂದ ಅದನ್ನು ಮೊಟಕುಗೊಳಿಸುವ ಪ್ರಮೇಯವೇ ಬರಲಿಲ್ಲ. ಬಾಗೇವಾಡಿಯ ಎಂಟು ಅಕ್ಷರಗಳಿಂದ ಐದು ಅಕ್ಷರದ 'ಬ್ಯಾಡ್ಜ್' ಮತ್ತು 'ಅಬೈಡ್' (ಬದ್ಧವಾಗಿರು), ನಾಲ್ಕು ಅಕ್ಷರದ 'ಐಡಿಯಾ' ಮತ್ತು 'ವೇಜ್' (ಕೂಲಿ) ಎಂಬ ಪದಗಳನ್ನೂ ರಚಿಸಬಹುದು.

2014ರಲ್ಲಿ ಹನ್ನೆರಡು ಊರು, ಉಳಿದವು ಹಾಗೇ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಬದಲಾದವು. ಏಳು ಅಕ್ಷರದ 'ಬಿಜಾಪುರ್' ಹತ್ತು ಅಕ್ಷರದ ವಿಜಯಪುರವಾಯಿತು. ಐದು ಅಕ್ಷರದ 'ಹುಬ್ಳಿ' ಎಂಟು ಅಕ್ಷರದ ಹುಬ್ಬಳ್ಳಿಯಾಯಿತು. ಏಳು ಅಕ್ಷರದ 'ಶಿಮೊಗಾ' ಹತ್ತು ಅಕ್ಷರದ ಶಿವಮೊಗ್ಗವಾಯಿತು. ಹನ್ನೆರಡನ್ನೂ ಎಣಿಸಿ ನೋಡಿದರೆ ಬೆಂಗಳೂರು, ಮೈಸೂರು, ಮಂಗಳೂರು, ಬಳ್ಳಾರಿ ಈ ನಾಲ್ಕರಲ್ಲಿ ಅಕ್ಷರಗಳ ಸಂಖ್ಯೆ ಮೊದಲಿದ್ದಷ್ಟೇ ಉಳಿದಿದೆ. ಬೆಳಗಾವಿ, ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಶಿವಮೊಗ್ಗ, ಹೊಸಪೇಟೆ, ತುಮಕೂರು, ಚಿಕ್ಕಮಗಳೂರು ಈ ಎಂಟರಲ್ಲಿ ಹೆಚ್ಚಾಗಿದೆ. ಒಂದರಲ್ಲೂ ಕಡಿಮೆಯಾಗಿಲ್ಲ. ಹಳೆಯ ಇಂಗ್ಲಿಷ್ ರೂಪಗಳಲ್ಲಿ ಕಳೆದುಹೋಗಿದ್ದ ಸ್ವರಗಳು, ಒತ್ತಕ್ಷರಗಳು ಮರಳಿ ಬಂದದ್ದೇ ಇದಕ್ಕೆ ಕಾರಣ.

ಆದರೂ ಲೋಕಸಭಾ ಕ್ಷೇತ್ರದ ಹೆಸರು ಹಳೆಯ ಏಳು ಅಕ್ಷರದಲ್ಲೇ ಮುಂದುವರಿದಿದೆ. ಹನ್ನೆರಡರ ಪಟ್ಟಿಯಲ್ಲಿ ಇಲ್ಲದ ತಾಲ್ಲೂಕು ಕೇಂದ್ರಗಳಿಗೆ ಈ ಭಾಗ್ಯವೂ ಇಲ್ಲ. ಸಿಂದಗಿಯ ಕಳೆದುಹೋದ ಒಂದು 'ಎ' ಹಾಗೆಯೇ ಉಳಿದಿದೆ.

ಕಾಗುಣಿತದ ಹಂಗಿಲ್ಲದ ಸಂಕೇತಗಳು

ಕಾಗುಣಿತದ ಈ ಗೊಂದಲವನ್ನು ಅಂಚೆ ಇಲಾಖೆ ಬಹಳ ಹಿಂದೆಯೇ ಅರಿತಿತ್ತು. ಒಂದೇ ಹೆಸರಿನ ಹಲವು ಊರು, ಒಂದೇ ಊರಿಗೆ ಹಲವು ಕಾಗುಣಿತ, ಬೇರೆ ಬೇರೆ ಭಾಷೆಯ ವಿಳಾಸ ಇವುಗಳಿಂದ ಪಾರಾಗಲು 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡ್ ಜಾರಿಗೆ ಬಂದಿತು. ಅದರ ರೂವಾರಿ ಶ್ರೀರಾಮ ಭಿಕಾಜಿ ವೇಲಣಕರ್. ವಿಳಾಸದಲ್ಲಿ ಸಿಂದಗಿಗೆ ಆರು ಅಕ್ಷರ ಬರೆದರೂ ಏಳು ಬರೆದರೂ 586128 ಎಂದಿದ್ದರೆ ಪತ್ರ ತಲುಪುತ್ತದೆ.

ರೈಲ್ವೆಯ ನಿಲ್ದಾಣ ಸಂಕೇತಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ಅಕ್ಷರದವು. ಇಂಡಿ ರೋಡ್ ನಿಲ್ದಾಣಕ್ಕೆ 'ಐ', 'ಡಿ', 'ಆರ್'. ಹೋಟಗಿಗೆ 'ಎಚ್', 'ಜಿ'. ಬಾಗಲಕೋಟೆಗೆ 'ಬಿ', 'ಜಿ', 'ಕೆ'. ಹೆಸರು ಬದಲಾದರೂ ಸಂಕೇತ ಬದಲಾಗುವುದು ಅಪರೂಪ. ವಿಜಯಪುರ ನಿಲ್ದಾಣದ ಸಂಕೇತ ಇಂದಿಗೂ ಹಳೆಯ ಹೆಸರಿನ 'ಬಿ', 'ಜೆ', 'ಪಿ' ಅಕ್ಷರಗಳೇ. ವಾಹನಗಳಿಗೆ 'ಕೆಎ–28'. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿಗೆ 11 ಸ್ಥಾನ: ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಪಾನ್ ಕಾರ್ಡಿಗೆ 10 ಸ್ಥಾನ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ವ್ಯಕ್ತಿಗಳ ಪಾನ್‌ನಲ್ಲಿ ನಾಲ್ಕನೆಯ ಅಕ್ಷರ 'ಪಿ'. ಐದನೆಯದು ಅಡ್ಡಹೆಸರಿನ ಮೊದಲ ಅಕ್ಷರ.

ಕಿವಿಗೆ ಒಂದೇ, ಕಂಪ್ಯೂಟರಿಗೆ ಎರಡು

ಉಚ್ಚಾರಣೆ ಒಂದೇ ಆಗಿದ್ದು ಕಾಗುಣಿತ ಭಿನ್ನವಾದ ಹೆಸರುಗಳನ್ನು ಒಂದೇ ಎಂದು ಗುರುತಿಸುವ ಪ್ರಯತ್ನ ಅಮೆರಿಕದಲ್ಲಿ ನೂರು ವರ್ಷಗಳ ಹಿಂದೆಯೇ ನಡೆದಿದೆ. ರಾಬರ್ಟ್ ರಸೆಲ್ ಎಂಬುವರು 1918ರಲ್ಲಿ ಪೇಟೆಂಟ್ ಪಡೆದ ಪದ್ಧತಿಯಿಂದ ಬೆಳೆದ 'ಸೌಂಡೆಕ್ಸ್' ಯಾವುದೇ ಹೆಸರನ್ನು ಒಂದು ಅಕ್ಷರ ಹಾಗೂ ಮೂರು ಅಂಕಿಗಳಿಗೆ ಇಳಿಸುತ್ತದೆ. ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ತೆರನಾದ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು ಅದರ ಕ್ರಮ.

ಇದನ್ನು ನಮ್ಮ ಊರುಗಳಿಗೆ ಅನ್ವಯಿಸಿದರೆ ಫಲಿತಾಂಶ ಮಿಶ್ರವಾಗಿದೆ. ಸಿಂದಗಿಯ ಆರು ಅಕ್ಷರದ ರೂಪಕ್ಕೂ ಏಳು ಅಕ್ಷರದ ರೂಪಕ್ಕೂ 'ಎಸ್ 532' ಎಂದೇ ಬರುತ್ತದೆ. ಮುದ್ದೇಬಿಹಾಳಕ್ಕೆ ಒಂದು 'ಡಿ' ಇದ್ದರೂ ಎರಡು ಇದ್ದರೂ 'ಎಂ 314'. ಆದರೆ ಬಾಗೇವಾಡಿಯನ್ನು 'ಡಬ್ಲ್ಯು' ಬಳಸಿ ಬರೆದರೆ 'ಬಿ 230', 'ವಿ' ಬಳಸಿ ಬರೆದರೆ 'ಬಿ 213'. ಸೌಂಡೆಕ್ಸ್ 'ಡಬ್ಲ್ಯು'ವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, 'ವಿ'ಯನ್ನು 'ಬಿ', 'ಪಿ', 'ಎಫ್'ಗಳ ಗುಂಪಿಗೆ ಸೇರಿಸುತ್ತದೆ. ಇಂಗ್ಲಿಷ್ ಕಿವಿಗೆ ಅವೆರಡೂ ಬೇರೆ ಧ್ವನಿಗಳು. ಕನ್ನಡದ ಕಿವಿಗೆ ಒಂದೇ. ಅನ್ಯ ಭಾಷೆಗೆ ರೂಪಿಸಿದ ಪರಿಹಾರ ನಮ್ಮ ಭಾಷೆಗೆ ಅರ್ಧ ಮಾತ್ರ ಒಗ್ಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಒಂದು ಅಕ್ಷರದ ಬೆಲೆ

ಊರಿನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಪಿನ್ ಕೋಡ್ ಕಾಪಾಡುತ್ತದೆ. ವ್ಯಕ್ತಿಯ ಹೆಸರಿಗೆ ಅಂಥ ಕಾವಲು ಇಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಸರ್ವೇಸಾಮಾನ್ಯವಾದ ಅಡ್ಡಹೆಸರುಗಳನ್ನೇ ಗಮನಿಸಬಹುದು. ಬಿರಾದಾರ ಎಂಬುದಕ್ಕೆ ಕೊನೆಯ 'ಎ' ಇಲ್ಲದಿದ್ದರೆ ಏಳು ಅಕ್ಷರ, ಇದ್ದರೆ ಎಂಟು. ನಾಡಗೌಡ ಎಂಬುದಕ್ಕೆ ನಡುವಿನ 'ಎ' ಇಲ್ಲದಿದ್ದರೆ ಎಂಟು, ಇದ್ದರೆ ಒಂಬತ್ತು. ಪಾಟೀಲ ಐದೂ ಆಗಬಹುದು, ಆರೂ ಆಗಬಹುದು. ಗೌಡ ಎಂಬುದಕ್ಕೆ ಎಲ್ಲೆಡೆ ಐದೇ ಅಕ್ಷರ. ಆದರೆ ಮೂರನೆಯ ಅಕ್ಷರ ಉತ್ತರ ಕರ್ನಾಟಕದಲ್ಲಿ ಬಹುಮಟ್ಟಿಗೆ 'ಯು', ಹಳೆಯ ಮೈಸೂರು ಭಾಗದಲ್ಲಿ 'ಡಬ್ಲ್ಯು'.

ಒಬ್ಬ ರೈತನ ಪಹಣಿ 'ಭೂಮಿ' ತಂತ್ರಾಂಶದಲ್ಲಿ ಕನ್ನಡದಲ್ಲಿರುತ್ತದೆ. ಬ್ಯಾಂಕ್ ಖಾತೆ ಇಂಗ್ಲಿಷಿನಲ್ಲಿ. ಆಧಾರ್ ಎರಡರಲ್ಲೂ. ಮಗನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇದ್ದಂತೆ. ಪ್ರತಿ ಹಂತದಲ್ಲೂ ಬೇರೊಬ್ಬರು ಕನ್ನಡದ ಹೆಸರನ್ನು ತಮಗೆ ತೋಚಿದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ವರ್ಷಕ್ಕೆ ₹6,000 ನೀಡುವ, 2019ರಲ್ಲಿ ಆರಂಭವಾದ ಪಿಎಂ–ಕಿಸಾನ್ ಯೋಜನೆ, ಭವಿಷ್ಯನಿಧಿ, ಪಾನ್–ಆಧಾರ್ ಜೋಡಣೆ ಮುಂತಾದ ಕಡೆ ಈ ಹೆಸರುಗಳನ್ನು ಅಕ್ಷರಶಃ ತಾಳೆ ನೋಡಲಾಗುತ್ತದೆ. ಬರೆದವರು ಒಬ್ಬರು, ಅಲೆದಾಡುವವರು ಇನ್ನೊಬ್ಬರು ಎಂಬಂತಾಗಿದೆ.

ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ, ಈ ಜಿಲ್ಲೆಯಲ್ಲೂ ಶಾಖೆಗಳಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ತನ್ನ ಹೆಸರಿನ 'ಗ್ರಾಮೀಣ' ಪದವನ್ನು ಇಂಗ್ಲಿಷಿನಲ್ಲಿ ಎಂಟು ಅಕ್ಷರಗಳಲ್ಲಿ ಬರೆಯುತ್ತಿತ್ತು. ಬಳ್ಳಾರಿಯ ಇನ್ನೊಂದು ಬ್ಯಾಂಕ್ ಅದೇ ಪದವನ್ನು ಆರು ಅಕ್ಷರಗಳಲ್ಲಿ ಬರೆಯುತ್ತಿತ್ತು. 2025ರ ಮೇ 1ರಿಂದ ಎರಡೂ ವಿಲೀನಗೊಂಡವು.

ಏನು ಮಾಡಬೇಕು?

ಮನೆಯಲ್ಲಿರುವ ಎಲ್ಲ ದಾಖಲೆಗಳನ್ನು ಒಟ್ಟಿಗೆ ಇಟ್ಟುಕೊಂಡು ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಎಣಿಸಿ ತಾಳೆ ನೋಡುವುದು ಮೊದಲ ಹೆಜ್ಜೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುವವರು ಅದರಲ್ಲಿನ ಕಾಗುಣಿತವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಉತ್ತಮ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕವೇ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಿತಾವಧಿಯಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ತಿದ್ದಲು ಅವಕಾಶವಿದೆ. ಆದ್ದರಿಂದ ಯಾವ ಕಾಗುಣಿತ ಬೇಕೆಂದು ನಿರ್ಧರಿಸಿದ ಬಳಿಕವೇ ಅರ್ಜಿ ಹಾಕಬೇಕು. ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸುವಾಗ ಹೆಸರನ್ನು ಬಾಯಲ್ಲಿ ಹೇಳಿ ಬಿಡದೆ, ಇಂಗ್ಲಿಷಿನಲ್ಲಿ ಬರೆದೇ ಕೊಡುವುದು ಮುಂದಿನ ಎಷ್ಟೋ ಅಲೆದಾಟವನ್ನು ತಪ್ಪಿಸುತ್ತದೆ.

ಊರುಗಳ ಹುಡುಕಾಟದಲ್ಲಿ ಪೂರ್ತಿ ಹೆಸರನ್ನು ಬರೆಯುವ ಬದಲು ವಿವಾದವಿಲ್ಲದ ಮೊದಲ ನಾಲ್ಕೈದು ಅಕ್ಷರಗಳನ್ನಷ್ಟೇ ಬರೆದು, ತೆರೆದುಕೊಳ್ಳುವ ಪಟ್ಟಿಯಿಂದ ಆರಿಸಿಕೊಳ್ಳಬಹುದು. ಸಿಂದಗಿಗೆ ಮೊದಲ ನಾಲ್ಕು, ಬಾಗೇವಾಡಿಗೆ ಪೂರ್ವಪದದ ಮೊದಲ ಏಳು ಅಕ್ಷರ ಸಾಕು.

ಒಂದೇ ನೋಟದಲ್ಲಿ

ಇಂಡಿ: 4 ಅಕ್ಷರ; 'ಡಿ' ಒಂದು, 'ಡ'ಕಾರ; ಪರ್ಯಾಯ ರೂಪವಿಲ್ಲ; ಪಿನ್ 586209.

ಸಿಂದಗಿ: 7 ಅಕ್ಷರ, ನಡುವಿನ 'ಎ' ಬಿಟ್ಟರೆ 6, 'ಡಿ' ಒಂದು, 'ದ'ಕಾರ, ಪಿನ್ 586128.

ಮುದ್ದೇಬಿಹಾಳ: 10 ಅಕ್ಷರ, 'ಡಿ' ಎರಡು, 'ದ್ದ' ಒತ್ತಕ್ಷರ, ಪಿನ್ 586212.

ಬಸವನ ಬಾಗೇವಾಡಿ: 8 ಮತ್ತು 8, ಒಟ್ಟು 16 ಅಕ್ಷರ, ಪೂರ್ವಪದದ ಕೊನೆಯ 'ಎ' ಬಿಟ್ಟರೆ 15, ಉತ್ತರಪದದ ಐದನೆಯ ಅಕ್ಷರ 'ವಿ' ಅಥವಾ 'ಡಬ್ಲ್ಯು', 'ಡಿ' ಒಂದು, 'ಡ'ಕಾರ, ಪಿನ್ 586203.

ಕನ್ನಡದಲ್ಲಿ ಈ ನಾಲ್ಕೂ ಹೆಸರುಗಳನ್ನು ಬರೆಯುವಾಗ ಊರಿನ ಮೂರನೆಯ ತರಗತಿಯ ಮಗುವೂ ತಡವರಿಸುವುದಿಲ್ಲ. ತಡವರಿಕೆ ಇರುವುದು ಇಂಗ್ಲಿಷಿಗೆ ಇಳಿಸುವಾಗ. ಹನ್ನೆರಡು ನಗರಗಳಿಗೆ ಮಾಡಿದಂತೆ ತಾಲ್ಲೂಕು ಕೇಂದ್ರಗಳಿಗೂ ಒಂದೇ ಕಾಗುಣಿತವನ್ನು ಅಧಿಕೃತವಾಗಿ ಗೊತ್ತುಪಡಿಸಿ, ಎಲ್ಲ ಇಲಾಖೆಗಳೂ ಅದನ್ನೇ ಅನುಸರಿಸುವಂತೆ ಮಾಡಿದರೆ ಈ ಲೆಕ್ಕವನ್ನು ಮತ್ತೆ ಮತ್ತೆ ಹಾಕುವ ಅಗತ್ಯ ಬೀಳದು.